ದಾವಣಗೆರೆಯಲ್ಲಿ ನಮ್ಮದೊಂದು ಬಾರ್ ಇದೆ. ಸಿಗರೇಟ್ ಸೇದುವವರಿಗೆ ಗಾಜಿನ ರೂಮ್ ಕಟ್ಟಿಸಬೇಕಾ, ಇಲ್ಲ ಪೂರ್ತಿ ನಿಲ್ಲಿಸಬೇಕಾ? ನಿಲ್ಲಿಸಿದರೆ ಗಿರಾಕಿ ಹೋಗುತ್ತಾರಾ? ಆರು ಟೇಬಲ್ಲಿನ ಸ್ಮೋಕಿಂಗ್ ರೂಮಿಗೆ ಪ್ಲಾನ್ ಆಗಿದೆ, ಮುಂದಿನ ವಾರ ಅಲ್ಯೂಮಿನಿಯಂ ಕೆಲಸದವರಿಗೆ ಅಡ್ವಾನ್ಸ್ ಕೊಡಬೇಕು. ಊರಲ್ಲಿ ಎಲ್ಲ ಬಾರಲ್ಲೂ ಸೇದುತ್ತಾರೆ, ನಾನೊಬ್ಬನೇ ಯಾಕೆ ನಿಲ್ಲಿಸಲಿ?

ಗಾಜಿನ ರೂಮ್ ಕಟ್ಟಿಸಬೇಡಿ. ಅಲ್ಯೂಮಿನಿಯಂ ಕೆಲಸದವರಿಗೆ ಮುಂದಿನ ವಾರ ಅಡ್ವಾನ್ಸ್ ಕೊಡಬೇಕು ಅಂತ ಬರೆದಿದ್ದೀರಿ. ದಯವಿಟ್ಟು ಅದನ್ನು ತಡೆಯಿರಿ.

ನಾನೂ ಇದೇ ಊರಿನವನು. ಪಿ.ಬಿ. ರಸ್ತೆ ಹತ್ತಿರದ ಒಂದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಮೊದಲು ಸಪ್ಲೈಯರ್ ಆಗಿದ್ದೆ, ಆಮೇಲೆ ಕ್ಯಾಶಿಯರ್, ಕೊನೆಗೆ ಮ್ಯಾನೇಜರ್. ನಿಮ್ಮ ಹಾಗೇ ಸಿಎಲ್-9, ಅಂದರೆ ಬಾರ್ ಅಂಡ್ ರೆಸ್ಟೋರೆಂಟಿನ ಲೈಸೆನ್ಸು. ಒಂದು ದೊಡ್ಡ ಹಾಲ್, ಪಕ್ಕದಲ್ಲಿ ಫ್ಯಾಮಿಲಿ ಸೆಕ್ಷನ್. ಎಪಿಎಂಸಿ ದಲಾಲರು, ಲಾರಿಯವರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು, ಎಲ್ಲರೂ ಬರುತ್ತಿದ್ದರು. ರಾತ್ರಿ ಒಂಬತ್ತರ ಹೊತ್ತಿಗೆ ಟ್ಯೂಬ್‌ಲೈಟ್ ಮಂಕಾಗುವಷ್ಟು ಹೊಗೆ. ಫ್ಯಾಮಿಲಿ ಸೆಕ್ಷನ್ನಿಗೆ ಊಟಕ್ಕೆ ಬಂದವರು ಪಾರ್ಸೆಲ್ ಕಟ್ಟಿಸಿಕೊಂಡು ಹೊರಟುಬಿಡುತ್ತಿದ್ದರು. ಮಾಲೀಕರು ಕರೆದು, "ಸೇದೋರೂ ಹೋಗಬಾರದು, ಫ್ಯಾಮಿಲಿಯವರೂ ಹೋಗಬಾರದು, ಏನಾದರೂ ದಾರಿ ಮಾಡು" ಅಂದರು. ನೀವು ಕೇಳಿರುವುದೂ ಅದನ್ನೇ ಅಲ್ವಾ?

ಕಾನೂನು ಏನು ಹೇಳುತ್ತದೆ ಅಂತ ಹುಡುಕಿದೆ. 2003ರ ತಂಬಾಕು ಕಾಯ್ದೆ ಇದೆ, ಕೋಟ್ಪಾ ಅಂತಾರೆ. ಅದರ ಕೆಳಗೆ ಮಾಡಿದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ರೆಸ್ಟೋರೆಂಟ್ ಅಂದರೆ ಬಾರು, ಪಬ್ಬು, ಡಿಸ್ಕೋಥೆಕ್ಕು ಎಲ್ಲ ಸೇರುತ್ತದೆ ಅಂತ ಅದರಲ್ಲೇ ಸ್ಪಷ್ಟವಾಗಿದೆ. ಒಳಗೆ ಸೇದುವ ಹಾಗಿಲ್ಲ. ಆದರೆ 30 ಜನ ಅಥವಾ ಅದಕ್ಕಿಂತ ಜಾಸ್ತಿ ಕೂರುವ ಜಾಗವಿದ್ದರೆ ಬೇರೆ ಸ್ಮೋಕಿಂಗ್ ರೂಮ್ ಮಾಡಬಹುದು. ನಾಲ್ಕೂ ಕಡೆ ಸೂರಿನವರೆಗೆ ಗೋಡೆ ಇರಬೇಕು. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕು. ಒಳಗಿನ ಗಾಳಿ ನೇರವಾಗಿ ಕಟ್ಟಡದ ಹೊರಗೆ ಹೋಗಬೇಕು. ಒಳಗಿನ ಗಾಳಿಯ ಒತ್ತಡ ಹಾಲ್‌ಗಿಂತ ಕಡಿಮೆ ಇರಬೇಕು. ಅಂದರೆ ಬಾಗಿಲು ತೆಗೆದಾಗ ಹೊಗೆ ಆಚೆ ಬರಬಾರದು, ಹಾಲಿನ ಗಾಳಿಯೇ ಒಳಗೆ ನುಗ್ಗಬೇಕು.

ಓದಿ ಖುಷಿಯಾಯಿತು. ಮಾಲೀಕರಿಗೂ ಖುಷಿ. ಮೂಲೆಯಲ್ಲಿ ರೂಮ್ ಎದ್ದಿತು. ಗಾಜು, ಅಲ್ಯೂಮಿನಿಯಂ ಫ್ರೇಮು, ಡೋರ್ ಕ್ಲೋಸರ್, ದೊಡ್ಡ ಎಕ್ಸಾಸ್ಟ್ ಫ್ಯಾನು. ಎರಡೂವರೆ ಲಕ್ಷದ ಹತ್ತಿರ ಖರ್ಚಾಯಿತು.

ಆ ರೂಮಿನೊಳಗೆ ನಾನು ಟೇಬಲ್ ಹಾಕಿಸಿದೆ. ನಾನು ಮಾಡಿದ ತಪ್ಪು ಅದು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ನೀವೂ ಹಾಕಿಸುತ್ತೀರಿ. ಹಾಕಿಸದೆ ಇರೋಕೆ ನಿಮಗೆ ಮನಸ್ಸೇ ಬರಲ್ಲ.

ಯೋಚನೆ ಹೇಗೆ ಓಡುತ್ತದೆ ನೋಡಿ. ಕುಡಿಯುವವನಿಗೆ ಸಿಗರೇಟು ಬೇಕಾಗುವುದು ಗ್ಲಾಸ್ ಕೈಯಲ್ಲಿರುವಾಗ. ಎದ್ದು ಹೋಗಿ ನಿಂತು ಸೇದಿ ಬಾ ಅಂದರೆ ಅವನಿಗೆ ಬೇಜಾರು. ಅಲ್ಲದೆ ಎದ್ದು ಹೋದವನು ಬಿಲ್ ಕೊಡದೆ ಹಾಗೇ ಹೋದರೆ? ಕ್ಯಾಶಿಯರ್ ಆಗಿದ್ದವನಿಗೆ ಆ ಭಯ ಜಾಸ್ತಿ. ಅದಕ್ಕೆ, ಅಲ್ಲೇ ಕೂರಲಿ, ಅಲ್ಲೇ ಕುಡಿಯಲಿ, ಅಲ್ಲೇ ಸೇದಲಿ ಅಂತ ತೀರ್ಮಾನ ಮಾಡಿದೆ. ಟೇಬಲ್ ಬಿತ್ತು. ಟೇಬಲ್ ಬಿದ್ದ ಮೇಲೆ ಆರ್ಡರ್ ತಗೊಳ್ಳೋಕೆ ಒಬ್ಬ ಬೇಕು. ಸೋಡ ತರಬೇಕು, ಶೇಂಗಾ ತರಬೇಕು, ಚಿಕನ್ ಕಬಾಬ್ ತರಬೇಕು, ಗ್ಲಾಸ್ ಎತ್ತಬೇಕು, ಆಶ್ ಟ್ರೇ ಬದಲಿಸಬೇಕು. ಆ ಡೋರ್ ಕ್ಲೋಸರ್ ಬಾಗಿಲನ್ನು ಮುಚ್ಚುತ್ತಲೇ ಇರುತ್ತದೆ, ಸಪ್ಲೈಯರನ ಎರಡೂ ಕೈಯಲ್ಲಿ ಟ್ರೇ. ಮೊದಲ ದಿನ ಭುಜದಿಂದ ತಳ್ಳಿದರು. ಆಮೇಲೆ ಖಾಲಿ ಬಿಯರ್ ಕ್ರೇಟ್ ಒಂದನ್ನು ಬಾಗಿಲಿಗೆ ಅಡ್ಡ ಇಟ್ಟರು. ನಾನು ತೆಗೆಸಿದೆ, ಅವರು ಮತ್ತೆ ಇಟ್ಟರು. ಕೊನೆಗೆ ನಾನೂ ಸುಮ್ಮನಾದೆ. ರಶ್ಶಿನ ಹೊತ್ತಲ್ಲಿ ಅವರು ಬೇರೆ ಏನು ಮಾಡಬೇಕಿತ್ತು? ಹಾಗಾಗಿ ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲು ಸಂಜೆಯಿಂದ ರಾತ್ರಿವರೆಗೆ ತೆರೆದೇ ಇರುತ್ತಿತ್ತು. ಹೊಗೆ ಹಾಲಿಗೆ ಬಂತು, ಹಾಲಿನಿಂದ ಫ್ಯಾಮಿಲಿ ಸೆಕ್ಷನ್ನಿಗೂ ಹೋಯಿತು.

ಎಕ್ಸಾಸ್ಟ್ ಫ್ಯಾನಿನದು ಇನ್ನೊಂದು ಕಥೆ. ಅದು ಹೊಗೆಯ ಜೊತೆ ಎಸಿಯ ತಂಪನ್ನೂ ಎಳೆದು ಹೊರಗೆ ಹಾಕುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಒಳಗಿದ್ದವರೇ "ಸೆಖೆ ಆಗ್ತೈತಿ, ಫ್ಯಾನ್ ಬಂದ್ ಮಾಡ್ರಿ" ಅನ್ನೋರು. ಬಂದ್ ಮಾಡಿದರೆ ಕರೆಂಟ್ ಬಿಲ್ಲೂ ಉಳಿಯುತ್ತಿತ್ತು. ಬಂದ್ ಆಯಿತು.

ವಾರಕ್ಕೊಮ್ಮೆ ಬೆಳಿಗ್ಗೆ ಆ ಗಾಜನ್ನು ಒದ್ದೆ ಪೇಪರಿನಲ್ಲಿ ಒರೆಸುತ್ತಿದ್ದೆವು. ಮೊದಲ ಸಲ ಒರೆಸಿದಾಗಲೇ ಪೇಪರ್ ಕಂದು ಬಣ್ಣಕ್ಕೆ ತಿರುಗಿ, ಅಕ್ಷರ ಕಾಣದ ಹಾಗೆ ಆಗುತ್ತಿತ್ತು. ಬಕೆಟ್ಟಿನ ನೀರು ಡಿಕಾಕ್ಷನ್ ಬಣ್ಣ. ಕೈಗೆ ಅಂಟು, ಸೋಪು ಹಾಕಿದರೂ ವಾಸನೆ ಹೋಗುತ್ತಿರಲಿಲ್ಲ. ಕೊಡೆ ಹಿಡಿದು ಮಳೆಯಲ್ಲಿ ನಿಂತವನಿಗೂ ಕಾಲು ನೆನೆಯುತ್ತದಲ್ಲ, ಆ ರೂಮಿನಿಂದ ಹಾಲಿಗೆ ಅಷ್ಟೇ ರಕ್ಷಣೆ ಸಿಕ್ಕಿದ್ದು. ಆದರೆ ಒಳಗಿದ್ದ ಹುಡುಗನಿಗೆ ಕೊಡೆಯೂ ಇರಲಿಲ್ಲ.

ಅವನು ಜಗಳೂರು ಕಡೆಯವನು. ಸಿಗರೇಟು, ಬೀಡಿ, ಗುಟ್ಕಾ ಯಾವುದೂ ಇಲ್ಲ. ಕುಡಿದವರು ಏನೇ ಅಂದರೂ ತಾಳ್ಮೆ ಕಳೆದುಕೊಳ್ಳುತ್ತಿರಲಿಲ್ಲ, ಬರೆದುಕೊಳ್ಳದೆ ಎಲ್ಲ ಆರ್ಡರ್ ನೆನಪಿಡುತ್ತಿದ್ದ. ಅದಕ್ಕೇ ಅವನನ್ನು ಆ ರೂಮಿಗೆ ಹಾಕಿದೆ. ಟಿಪ್ಸ್ ಚೆನ್ನಾಗಿ ಬರುತ್ತದೆ ಅಂತ ಅವನೂ ಒಪ್ಪಿಕೊಂಡ. ಕೆಲವು ತಿಂಗಳಲ್ಲಿ ಕೆಮ್ಮು ಶುರುವಾಯಿತು. ಆಮೇಲೆ ಮೆಟ್ಟಿಲು ಹತ್ತಿದರೆ ಉಬ್ಬಸ. ಡಾಕ್ಟರು ನೋಡಿ, ಹೊಗೆ ಇಲ್ಲದ ಕಡೆ ಕೆಲಸ ಮಾಡಬೇಕು ಅಂತ ಚೀಟಿಯಲ್ಲೇ ಬರೆದುಕೊಟ್ಟರು. ಅವನು ಚೀಟಿ ತಂದು ಕೌಂಟರ್ ಮೇಲಿಟ್ಟು, "ಅಣ್ಣಾ, ನನ್ನನ್ನ ಫ್ಯಾಮಿಲಿ ಕಡೆ ಹಾಕ್ರಿ" ಅಂದ. ದುಗ್ಗಮ್ಮನ ಜಾತ್ರೆ ಹತ್ತಿರವಿತ್ತು. ಜಾತ್ರೆ ಮುಗಿಯಲಿ ತಡಿ ಅಂದೆ. ಜಾತ್ರೆ ಆದ ಮೇಲೂ ಆ ರೂಮಿಗೆ ಹೋಗೋಕೆ ಬೇರೆ ಯಾರೂ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಒಂದು ದಿನ ಅವನು ಸಂಬಳ ಲೆಕ್ಕ ಮಾಡಿಸಿಕೊಂಡು ಹೋದ. ಈಗ ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿದ್ದಾನೆ. ಉಬ್ಬಸ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಜೇಬಿನಲ್ಲಿ ಇನ್ಹೇಲರ್ ಇಟ್ಟುಕೊಂಡಿರುತ್ತಾನೆ.

ರೂಮಿನಲ್ಲಿ ಟೇಬಲ್ ಇಲ್ಲದಿದ್ದರೆ ಅವನು ಅಲ್ಲಿಗೆ ಕಾಲಿಡಬೇಕಾಗಿಯೇ ಇರಲಿಲ್ಲ. ಸೇದುವವರು ಹೋಗುತ್ತಿದ್ದರು, ನಿಂತು ಸೇದಿ ಬರುತ್ತಿದ್ದರು, ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನು ಬಿಲ್ಲಿನ ಲೆಕ್ಕ ಹಾಕಿ ಟೇಬಲ್ ಹಾಕಿಸಿದೆ, ಅದರಿಂದ ಅವನ ಎದೆಗೆ ಪೆಟ್ಟು ಬಿತ್ತು. 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಸ್ಮೋಕಿಂಗ್ ರೂಮನ್ನು ಸೇದುವುದಕ್ಕೆ ಮಾತ್ರ ಬಳಸಬೇಕು, ಅಲ್ಲಿ ಬೇರೆ ಯಾವ ಸರ್ವೀಸೂ ಇರಬಾರದು ಅಂತ ಅದರಲ್ಲಿ ಸೇರಿಸಿದರು. ಅಂದರೆ ಊಟ ಇಲ್ಲ, ಡ್ರಿಂಕ್ಸ್ ಇಲ್ಲ, ಸಪ್ಲೈಯರ್ ಒಳಗೆ ಹೋಗೋ ಹಾಗಿಲ್ಲ. ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಿಮ್ಮ ಪ್ಲಾನಿನಲ್ಲಿ "ಆರು ಟೇಬಲ್ಲಿನ ಸ್ಮೋಕಿಂಗ್ ರೂಮ್" ಅಂತಿದೆ. ಅದು ಕಟ್ಟುವ ಮೊದಲೇ ಕಾನೂನಿಗೆ ವಿರುದ್ಧ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗಿರಾಕಿ ಹೋಗುತ್ತಾರಾ ಅಂತ ಕೇಳಿದ್ದೀರಿ. ಸೇದುವ ಗಿರಾಕಿ, ಸೇದದ ಗಿರಾಕಿ, ಇಬ್ಬರಲ್ಲಿ ಯಾರನ್ನು ಉಳಿಸಿಕೊಳ್ಳಲಿ ಅಂತ ಲೆಕ್ಕ ಹಾಕಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಕೆಲಸದವರ ಮಾತು ಒಂದು ಸಾಲೂ ಇಲ್ಲ. ಗಿರಾಕಿ ಒಂದೆರಡು ಗಂಟೆ ಕೂತು ಎದ್ದು ಹೋಗುತ್ತಾನೆ. ನಿಮ್ಮ ಸಪ್ಲೈಯರ್ ದಿನಾ ಹತ್ತು ಹನ್ನೆರಡು ಗಂಟೆ ಅಲ್ಲೇ ನಿಂತಿರುತ್ತಾನೆ. ಮೊದಲು ಅವನನ್ನು ಲೆಕ್ಕಕ್ಕೆ ತಗೊಳ್ಳಿ, ಆಮೇಲೆ ಮಿಕ್ಕಿದ್ದು. 2004ರ ಮಾರ್ಚ್‌ನಲ್ಲಿ ಐರ್ಲೆಂಡ್ ದೇಶದವರು ಇಡೀ ದೇಶದ ಪಬ್ಬುಗಳಲ್ಲಿ ಸಿಗರೇಟ್ ನಿಲ್ಲಿಸಿದರು. ಪಬ್ಬು ಒಬ್ಬರ ಕೆಲಸದ ಜಾಗ ಅನ್ನುವ ಲೆಕ್ಕದಲ್ಲೇ ಆ ಕಾನೂನು ಬಂದಿದ್ದು. ಅದಕ್ಕೂ ಮುಂಚೆ, 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾರುಗಳಿಗೆ ನಿಷೇಧ ಬಂದಾಗ, ಸ್ಯಾನ್ ಫ್ರಾನ್ಸಿಸ್ಕೋದ ಬಾರ್ ಕೆಲಸದವರನ್ನು ವೈದ್ಯರು ಮೊದಲೂ ಆಮೇಲೂ ಪರೀಕ್ಷೆ ಮಾಡಿದರು. ಕೆಮ್ಮು, ಉಬ್ಬಸ ಇದ್ದವರಲ್ಲಿ ಬಹಳ ಜನಕ್ಕೆ ಕೆಲವೇ ವಾರದಲ್ಲಿ ಕಡಿಮೆಯಾಗಿತ್ತು. ನಮ್ಮ ಹುಡುಗನಿಗೂ ಜಾಗ ಬಿಟ್ಟ ಮೇಲೇ ಸುಧಾರಿಸಿದ್ದು.

ಒಳ್ಳೆ ಎಕ್ಸಾಸ್ಟ್ ಹಾಕಿದರೆ ಸಾಕಲ್ವಾ ಅಂತ ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಬರೆದಿದ್ದಾರೆ. ಸಾಕಾಗಲ್ಲ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ದೊಡ್ಡ ಆರೋಗ್ಯಾಧಿಕಾರಿ, 2006ರ ವರದಿಯಲ್ಲಿ ಇದನ್ನು ನೇರವಾಗಿ ಹೇಳಿದ್ದಾರೆ. ಬೇರೆಯವರ ಹೊಗೆ ಇಷ್ಟು ಕುಡಿದರೆ ತೊಂದರೆ ಇಲ್ಲ ಅನ್ನುವ ಮಟ್ಟವೇ ಇಲ್ಲ. ಗಾಳಿ ಶುದ್ಧ ಮಾಡುವ ಮಷೀನು, ಫ್ಯಾನು, ಒಂದೇ ಹಾಲಿನಲ್ಲಿ ಬೇರೆ ಬೇರೆ ಟೇಬಲ್ಲು, ಯಾವುದೂ ಪೂರ್ತಿ ಕಾಪಾಡಲ್ಲ.

"ಮಂಡಕ್ಕಿ ಭಟ್ಟಿ ಹೊಗೆ ಕುಡಿದು ಬೆಳೆದ ಊರು ನಮ್ಮದು, ಒಂದು ಸಿಗರೇಟಿಗೆ ಏನಾಗುತ್ತೆ" ಅಂತ ಗಿರಾಕಿಗಳು ಹೇಳುತ್ತಾರೆ. ನಿಮಗೂ ಹೇಳುತ್ತಾರೆ. ಭಟ್ಟಿ ಹತ್ತಿರ ಮನೆ ಇರುವವರನ್ನು ಒಂದು ಸಲ ಕೇಳಿ ನೋಡಿ, ಆ ಹೊಗೆ ಯಾರಿಗೂ ಒಗ್ಗಿಲ್ಲ. ಹೊರಗೊಂದು ಹೊಗೆ ಇದೆ ಅಂತ ಒಳಗೊಂದು ಸೇರಿಸೋದು ಯಾವ ನ್ಯಾಯ?

ನಮ್ಮಲ್ಲಿ ಕೊನೆಗೆ ಪೂರ್ತಿ ನಿಲ್ಲಿಸಿದೆವು. ಮೊದಲ ಎರಡು ಮೂರು ತಿಂಗಳು ಕಲೆಕ್ಷನ್ ಬಿತ್ತು, ಸುಳ್ಳು ಹೇಳಲ್ಲ. ಮಾಲೀಕರು ದಿನಾ ಮುಖ ಸಿಂಡರಿಸಿಕೊಂಡೇ ಗಲ್ಲಾ ಎಣಿಸಿದರು. ಕೆಲವರು ಎದುರಿನ ಬಾರಿಗೆ ಹೋದರು. ಅವರಲ್ಲಿ ಸುಮಾರು ಜನ ವಾಪಸ್ ಬಂದರು, ಯಾಕೆಂದರೆ ಅವರ ಗೆಳೆಯರ ಗುಂಪಿನಲ್ಲಿ ಸೇದದವರೂ ಇದ್ದರು. ಫ್ಯಾಮಿಲಿ ಸೆಕ್ಷನ್ ನಿಧಾನವಾಗಿ ತುಂಬಿತು, ಊಟದ ಬಿಲ್ಲು ಏರಿತು. ನಿಮಗೂ ಹಾಗೇ ಆಗುತ್ತದೆ ಅಂತ ನಾನು ಬರೆದುಕೊಡಲ್ಲ. ಆದರೂ ನಿಲ್ಲಿಸಿ ಅಂತಲೇ ಹೇಳುತ್ತೇನೆ.

ಊರಲ್ಲಿ ಎಲ್ಲ ಬಾರಲ್ಲೂ ಸೇದುತ್ತಾರೆ, ನಾನೊಬ್ಬನೇ ಯಾಕೆ ಅಂತಲೂ ಬರೆದಿದ್ದೀರಿ. ಕಾನೂನು ಈಗ ಮೊದಲಿನ ಹಾಗಿಲ್ಲ. ದಂಡ 200 ರೂಪಾಯಿವರೆಗೆ ಇತ್ತು. ನಮ್ಮ ರಾಜ್ಯ 2024ರಲ್ಲಿ ತಿದ್ದುಪಡಿ ಮಾಡಿತು, 2025ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಈಗ ದಂಡ 1000 ರೂಪಾಯಿವರೆಗೆ. ಸಿಗರೇಟ್ ಮಾರುವ ವಯಸ್ಸಿನ ಮಿತಿ 18ರಿಂದ 21ಕ್ಕೆ ಏರಿದೆ. ಹುಕ್ಕಾ ಬಾರ್ ನಡೆಸಿದರೆ ಜೈಲು. ಸೇದಿದವನ ಮೇಲೆ ಮಾತ್ರ ಕೇಸ್ ಬೀಳುತ್ತದೆ ಅಂದುಕೊಳ್ಳಬೇಡಿ. ದೂರು ಬಂದರೂ ನೀವು ಸುಮ್ಮನಿದ್ದರೆ, ಎಷ್ಟು ಜನ ಸೇದಿದರೋ ಅಷ್ಟರ ದಂಡ ನಿಮ್ಮ ತಲೆಗೂ ಬರುತ್ತದೆ.

ನಿಲ್ಲಿಸುವುದು ಹೇಗೆ ಅನ್ನೋದರಲ್ಲಿ ನನಗೆ ಸ್ವಲ್ಪ ಅನುಭವ ಇದೆ. ಟೇಬಲ್ ಮೇಲಿನ ಆಶ್ ಟ್ರೇ ಎಲ್ಲ ಒಂದೇ ದಿನ ಎತ್ತಿಬಿಡಿ. ಅದನ್ನು ಇಡುವುದೇ ನಿಯಮಕ್ಕೆ ವಿರುದ್ಧ, ಲೈಟರು, ಕಡ್ಡಿಪೆಟ್ಟಿಗೆ ಕೊಡುವುದೂ ಅಷ್ಟೇ. ಕೌಂಟರಿನಲ್ಲಿ ಬಿಡಿ ಸಿಗರೇಟ್ ಮಾರುವುದನ್ನೂ ನಿಲ್ಲಿಸಿ. ಒಳಗೆ ಸಿಗರೇಟ್ ಮಾರಿ ಒಳಗೆ ಸೇದಬೇಡಿ ಅಂದರೆ ಯಾರು ಕೇಳುತ್ತಾರೆ? ಸೇದಲೇಬೇಕು ಅನ್ನುವವರು ನಿಮ್ಮ ಆವರಣದಿಂದ ಹೊರಗೆ ಹೋಗಲಿ. ನಿಂತು ಸೇದಿ ಬರಲಿ. ಬಿಲ್ಲಿನ ಭಯ ನನಗಿದ್ದಂತೆ ನಿಮಗೂ ಇರುತ್ತದೆ. ಗುಂಪಿನಲ್ಲಿ ಬಂದವರಲ್ಲಿ ಒಬ್ಬರಾದರೂ ಟೇಬಲ್ಲಿನಲ್ಲಿ ಇದ್ದೇ ಇರುತ್ತಾರೆ. ಒಬ್ಬನೇ ಬಂದವನ ಹತ್ತಿರ ಅಲ್ಲಿವರೆಗಿನ ಬಿಲ್ ತಗೊಂಡು ಬಿಡಿ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ ನಮ್ಮಲ್ಲಿ.

ಹೇಳುವ ಹೊತ್ತೂ ಮುಖ್ಯ. ಎರಡು ನೈಂಟಿ ಇಳಿದ ಮೇಲೆ, ಸಿಗರೇಟ್ ಬಾಯಲ್ಲಿ ಇಟ್ಟ ಮೇಲೆ ಹೇಳಿದರೆ ಜಗಳವೇ. ಬಂದು ಕೂತ ಕೂಡಲೇ, ನೀರಿನ ಬಾಟಲಿ ಇಡುವಾಗಲೇ "ಸರ್, ಇಲ್ಲಿ ಸಿಗರೇಟ್ ಇಲ್ಲ, ಆವರಣದ ಹೊರಗೆ ಹೋಗಿ ಬನ್ನಿ" ಅಂದರೆ ಹೆಚ್ಚಿನವರು ತಲೆ ಆಡಿಸುತ್ತಾರೆ. ಅಷ್ಟಾದರೂ ಹಚ್ಚಿದವನ ಹತ್ತಿರ ಸಪ್ಲೈಯರನ್ನು ಕಳಿಸಬೇಡಿ. ಟಿಪ್ಸ್ ನಂಬಿಕೊಂಡ ಹುಡುಗ ಊರಿನ ದೊಡ್ಡ ಮನುಷ್ಯರಿಗೆ ಸಿಗರೇಟ್ ಆರಿಸಿ ಅಂತ ಹೇಗೆ ಹೇಳುತ್ತಾನೆ? ನಮ್ಮಲ್ಲಿ ಒಬ್ಬ ಹಾಗೆ ಹೇಳಿ ಕೆನ್ನೆಗೆ ಏಟು ತಿಂದ. ಆವತ್ತಿನಿಂದ ನಾನೇ ಎದ್ದು ಹೋಗುತ್ತಿದ್ದೆ.

ಬೋರ್ಡ್ ಹಾಕಿಸುವಾಗ ಅಳತೆ ನೋಡಿಕೊಳ್ಳಿ. ಕನಿಷ್ಠ 60 ಸೆಂಟಿಮೀಟರ್ ಗುಣಿಸು 30 ಸೆಂಟಿಮೀಟರ್, ಬಿಳಿ ಹಿನ್ನೆಲೆ, ಬಾಗಿಲ ಹತ್ತಿರ ಕಣ್ಣಿಗೆ ಬೀಳುವ ಹಾಗೆ. ಮಹಡಿ ಇದ್ದರೆ ಅಲ್ಲೂ ಒಂದು. ಯಾರಾದರೂ ಸೇದಿದರೆ ಯಾರಿಗೆ ದೂರು ಹೇಳಬೇಕು ಅಂತ ಒಬ್ಬರ ಹೆಸರನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಬಹಳ ಕಡೆ ಅಲ್ಲಿ ಮ್ಯಾನೇಜರ್ ಹೆಸರೋ, ಹಳೇ ಸಪ್ಲೈಯರ್ ಹೆಸರೋ ಬರೆಸಿ ಮಾಲೀಕರು ಮನೆಯಲ್ಲಿರುತ್ತಾರೆ. ಅಲ್ಲಿ ನಿಮ್ಮ ಹೆಸರು, ನಿಮ್ಮ ಫೋನ್ ನಂಬರ್ ಬರೆಸಿ.