ಪಾಪಾಸಿಗೆ ಪಾಪ ಅಂಟಿಸಬೇಡಿ

ನಮಸ್ಕಾರ.

ಚಪ್ಪಲಿಗೆ ಹಿಂದೆ ಇದ್ದ ‘ಪಾಪಾಸು’ ಎಂಬ ಹೆಸರಿನ ಬಗ್ಗೆ ನೀವು ಉಡುಪಿಯಿಂದ ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಅದರಲ್ಲಿ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟ ಪೂರ್ತಿ ತೆಗೆಯಿರಿ. ಭಾಷೆ ಹರಿಯುವ ನದಿ, ಪದಗಳಿಗೂ ಜೀವವಿದೆ, ಇವೆಲ್ಲ ನಮ್ಮ ಕೈಗೆ ದಿನಾ ಬರುತ್ತವೆ. ಪಾಪಾಸು ಬರುವುದೇ ಎರಡನೇ ಪುಟದಲ್ಲಿ. ಅಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ.

ಈಗ ಮುಖ್ಯ ತಕರಾರು. ರಥಬೀದಿಯಲ್ಲಿ ಚಪ್ಪಲಿ ಬಿಟ್ಟು ಕೃಷ್ಣಮಠಕ್ಕೆ ಹೋಗುವವರು ಪಾಪವನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ, ಹಾಗಾಗಿ ‘ಪಾಪ’ದಿಂದ ‘ಪಾಪಾಸು’ ಬಂತು ಅಂತ ಬರೆದಿದ್ದೀರಿ. ಕೇಳಲು ಚಂದ. ಆದರೆ ಸುಳ್ಳು. ಇದು ಪಾರಸಿಯ ‘ಪಾಪೋಶ್’. ‘ಪಾ’ ಅಂದರೆ ಕಾಲು, ‘ಪೋಶ್’ ಅಂದರೆ ಮುಚ್ಚುವಂಥದ್ದು. ನಾವು ಹಾಕಿಕೊಳ್ಳುವ ‘ಪೋಷಾಕು’ ಕೂಡ ಇದೇ ಪೋಶ್‌ನ ಕಡೆಯದು. ಪಾಯಿಜಾಮದ ಮೊದಲ ತುಂಡು ಇದೇ ಕಾಲು.

ಪದದ ಮೂಲ ಹುಡುಕುವಾಗ ಅದು ಬೇರೆ ಯಾರ ಮನೆಯಲ್ಲಿದೆ ಅಂತಲೂ ಒಮ್ಮೆ ನೋಡಿ ಬರಬೇಕು. ತುರ್ಕಿಯವರು ‘ಪಾಬುಚ್’ ಅನ್ನುತ್ತಾರೆ. ಅರಬ್ಬಿಯಲ್ಲಿ ‘ಪ’ಕಾರ ಇಲ್ಲ, ಅಲ್ಲಿ ‘ಬಾಬೂಶ್’ ಆಯಿತು. ಅಲ್ಲಿಂದ ಫ್ರೆಂಚರಿಗೆ ‘ಬಾಬೂಶ್’, ಸ್ಪೇನಿನವರಿಗೆ ‘ಬಾಬೂಚ’. ಇವರಾರಿಗೂ ನಮ್ಮ ಪಾಪ ಪುಣ್ಯದ ಸುದ್ದಿ ಗೊತ್ತಿಲ್ಲ. ಇಷ್ಟು ಸಾಕು, ನಿಮ್ಮ ಕಥೆ ನಿಲ್ಲುವುದಿಲ್ಲ ಅಂತ ಗೊತ್ತಾಗಲು. ಜನ ಹಾಗೆ ಹೇಳುವುದನ್ನು ನೀವು ನಿಜವಾಗಿ ಕೇಳಿದ್ದರೆ ‘ಜನ ಹೀಗೆ ಹೇಳುತ್ತಾರೆ’ ಅಂತ ಬರೆಯಿರಿ, ಇರಲಿ. ನೀವೇ ಕಟ್ಟಿದ್ದಾದರೆ ಬಿಟ್ಟುಬಿಡಿ.

ಒಂದು ಕಡೆ ನೀವು ಸತ್ಯದ ಹತ್ತಿರ ಬಂದು ದಾಟಿ ಹೋಗಿದ್ದೀರಿ. ‘ಸಂಸ್ಕೃತದ ಪಾದವೇ ಪಾರಸಿಯ ಪಾ ಆಯಿತು’ ಎಂಬ ಸಾಲು. ಪಾದ, ಪಾ ಎರಡೂ ಅಣ್ಣತಮ್ಮಂದಿರು, ತಂದೆ ಮಗ ಅಲ್ಲ. ಎರಡಕ್ಕೂ ಇನ್ನೂ ಹಳೆಯ ಮೂಲ ಒಂದೇ. ಸಂಸ್ಕೃತದ ಪಾದುಕೆ ನಮ್ಮಲ್ಲಿ ಹಾವುಗೆ ಆಯಿತಲ್ವಾ? ಹರಳಯ್ಯನ ಕಥೆಯ ಚಮ್ಮಾವುಗೆ, ಅಂದರೆ ಚರ್ಮದ ಹಾವುಗೆ, ಅದೇ. ಹಾವುಗೆಯೂ ಪಾಪಾಸೂ ಬೇರೆ ಬೇರೆ ದಾರಿಯಲ್ಲಿ ಕನ್ನಡಕ್ಕೆ ಬಂದ ಒಂದೇ ಕಾಲಿನ ಸಂಬಂಧಿಕರು. ಜೊತೆಗೆ ನಮ್ಮದೇ ಆದ ‘ಕೆರ’ ಇದೆ, ತಮಿಳಿನ ಸೆರುಪ್ಪು, ತೆಲುಗಿನ ಚೆಪ್ಪು ಅದರ ಬಳಗ. ಇದಕ್ಕೆ ಒಂದು ಪ್ಯಾರಾ ಕೊಡಿ, ಜಾಸ್ತಿ ಬೇಡ.

ಇನ್ನೊಂದು. ಪಾಪಾಸು ಅಂದರೆ ‘ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ’ ಅಂತ ಅರ್ಥ ಕೊಟ್ಟಿದ್ದೀರಿ. ಯುರೋಪಿನಲ್ಲಿ ಆ ಅರ್ಥ ಗಟ್ಟಿಯಾಯಿತು, ಸರಿ. ಮೊರೊಕ್ಕೊದ ಹಿಮ್ಮಡಿ ಬಿಟ್ಟ ಚರ್ಮದ ಬಾಬೂಶ್ ಬೀದಿಗೂ ಹೋಗುತ್ತದೆ. ಸುಲಭವಾಗಿ ಕಳಚಿ ಹೊಸಿಲ ಹತ್ತಿರ ಬಿಡಬಹುದು, ಅಷ್ಟೆ. ಕನ್ನಡದಲ್ಲಂತೂ ಒಳಗೆ ಹೊರಗೆ ಎಂಬ ಭೇದವೇ ಇರಲಿಲ್ಲ. ಕಾಲಿಗೆ ಹಾಕಿದರೆ ಪಾಪಾಸು. ಊರು ಬದಲಾದರೆ ಅರ್ಥವೂ ಜಾಗ ಬದಲಿಸುತ್ತದೆ. ರುಮಾಲು ನೋಡಿ, ಪಾರಸಿಯಲ್ಲಿ ಮುಖ ಒರೆಸುವ ಬಟ್ಟೆ, ನಮ್ಮಲ್ಲಿ ತಲೆಗೇರಿತು.

ಇನ್ನು ನಿಮ್ಮ ಕೊನೆಯ ಪುಟ. ಅಲ್ಲಿ ಕಂಸದೊಳಗೆ ಒಂದು ಸಾಲು ಬಚ್ಚಿಟ್ಟಿದ್ದೀರಿ: ಬಯಲುಸೀಮೆಯಿಂದ ಮದುವೆಯಾಗಿ ಬಂದ ನಿಮ್ಮಜ್ಜಿ ‘ಪಾಪಾಸುಕಳ್ಳಿ’ ಬೇಲಿಯ ಮಾತು ಆಡುತ್ತಿದ್ದರು ಅಂತ. ಮಾರಾಯ್ರೆ, ಲೇಖನ ಇರುವುದೇ ಅಲ್ಲಿ! ಆ ಕಳ್ಳಿ ನಮ್ಮ ನೆಲದ್ದಲ್ಲ, ಅಮೆರಿಕದ್ದು. ಯುರೋಪಿನವರ ಹಡಗುಗಳು ಬರತೊಡಗಿದ ಮೇಲೆ ಇಲ್ಲಿಗೆ ಬಂತು. 18ನೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನಲ್ಲಿ ಅದನ್ನು ಬೇಕೆಂದೇ ಬೆಳೆಸಿದರು. ಅದರ ಮೇಲೆ ಬದುಕುವ ಕೊಚಿನಿಯಲ್ ಹುಳದಿಂದ ಕೆಂಪು ಬಣ್ಣ ತೆಗೆಯುವ ಆಸೆ ಅವರಿಗೆ. ಅಂಗೈಯಷ್ಟು ಅಗಲದ ಆ ಚಪ್ಪಟೆ ಹಲಗೆಗಳನ್ನು ಕಂಡ ನಮ್ಮ ಜನಕ್ಕೆ ಮೆಟ್ಟಿನ ಆಕಾರ ನೆನಪಾಯಿತು. ಅಮೆರಿಕದ ಗಿಡ, ಪಾರಸಿಯ ಮೆಟ್ಟು, ಕನ್ನಡದ ಕಳ್ಳಿ. ಮೂರೂ ಒಂದೇ ಪದದಲ್ಲಿ. ಕಾಲಿಂದ ಪಾಪಾಸು ಹೋಗಿ ಎಷ್ಟೋ ಕಾಲವಾಯಿತು, ಗಿಡದಲ್ಲಿ ಮಾತ್ರ ಉಳಿದಿದೆ. ನಿಮ್ಮ ಲೇಖನ ಇಲ್ಲಿಂದ ಶುರುವಾಗಲಿ. ಅಜ್ಜಿ ಆ ಬೇಲಿಯ ಬಗ್ಗೆ ಇನ್ನೇನು ಹೇಳುತ್ತಿದ್ದರು, ಹಣ್ಣು ತಿಂದಿದ್ದರೇ, ಮುಳ್ಳು ಹೇಗೆ ತೆಗೆಯುತ್ತಿದ್ದರು, ಅದನ್ನೆಲ್ಲ ಬರೆಯಿರಿ.

ನಿಘಂಟು ಒಂದನ್ನೂ ನೋಡಿದ ಗುರುತು ಲೇಖನದಲ್ಲಿ ಇಲ್ಲ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್‌ನಲ್ಲಿ. ತುಳು ನಿಘಂಟಿನ ಆರು ಸಂಪುಟ ಹೊರಟದ್ದು ನಿಮ್ಮ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ. ಇವನ್ನು ತೆರೆಯದೆ ಕರಾವಳಿಯಲ್ಲಿ ಕೂತು ಪದದ ಬಗ್ಗೆ ಬರೆಯುವುದು ಸ್ವಲ್ಪ ನಾಚಿಕೆಯ ಸಂಗತಿ. ಪೋರ್ಚುಗೀಸರು ಬೂಟಿಗೆ ಅನ್ನುವ ‘ಸಪಾತು’ವನ್ನೂ ಒಮ್ಮೆ ನೋಡಿ. ಗೋವಾದ ಕೊಂಕಣಿಯಲ್ಲಿ ಅದು ‘ಸಪಾತ್’ ಆಗಿದೆ. ನಮ್ಮ ಕಡೆಯ ಕೊಂಕಣಿ ಮನೆಗಳಲ್ಲಿ ಏನನ್ನುತ್ತಾರೆ ಅಂತ ವಿಚಾರಿಸಿ ಒಂದೆರಡು ಸಾಲು ಸೇರಿಸಿದರೆ ಓದುಗರಿಗೆ ಖುಷಿಯಾಗುತ್ತದೆ.

ಎಂಟುನೂರು ಪದ ಸಾಕು. ಚಿತ್ರ ಕಳಿಸುವುದಾದರೆ ಕಳ್ಳಿಯದ್ದು ಕಳಿಸಿ, ನೀವೇ ತೆಗೆದದ್ದು. ಎಲ್ಲಿಂದಲೋ ಎತ್ತಿದ ಬಣ್ಣಬಣ್ಣದ ಬಾಬೂಶ್ ಅಂಗಡಿ ಬೇಡ.