ರೇಡ್ ಸಿಂಕ್ ನಿಧಾನವಾದರೆ ಮೊದಲು ಡಿಸ್ಕ್ ಪರೀಕ್ಷಿಸಿ

ಪ್ರಶ್ನೆ: ನಮ್ಮ ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್‌ಗಳ ಸಾಫ್ಟ್‌ವೇರ್ ರೇಡ್ 5, ಅಂದರೆ ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂಥ ಜೋಡಣೆ, ಇದೆ. ಕೆಟ್ಟುಹೋದ ಒಂದು ಡಿಸ್ಕ್ ತೆಗೆದು ಹೊಸದನ್ನು ಸೇರಿಸಿದೆ, ಅದಕ್ಕೆ ದತ್ತಾಂಶ ಮರಳಿ ತುಂಬುವ ಸಿಂಕ್ ಕೆಲಸ ನಡೆಯುತ್ತಿದೆ. ಅದರ ಪ್ರಗತಿ ತೋರಿಸುವ ಎಂಡಿಸ್ಟಾಟ್‌ನಲ್ಲಿ ವೇಗ ಸೆಕೆಂಡಿಗೆ 1,100ಕೆ (ಕೆಬಿ) ಆಸುಪಾಸಿನಲ್ಲೇ ನಿಂತಿದ್ದು, ಈ ಲೆಕ್ಕದಲ್ಲಿ ಮುಗಿಯಲು 41 ದಿನ ಬೇಕು. ಅಂತರ್ಜಾಲದಲ್ಲಿ ಓದಿ ಸಿಂಕ್ ವೇಗದ ಕನಿಷ್ಠ ಮಿತಿಯಾದ ಸ್ಪೀಡ್ ಲಿಮಿಟ್ ಮಿನ್ ಅನ್ನು 2,00,000ಕ್ಕೆ ಏರಿಸಿದರೂ ಏನೂ ಬದಲಾಗಲಿಲ್ಲ. ಇನ್ನೆಷ್ಟು ಏರಿಸಬೇಕು?

ಉತ್ತರ: ಇನ್ನು ಏರಿಸಬೇಡಿ, ಏರಿಸಿದ್ದನ್ನೂ ಮೊದಲಿದ್ದ 1,000ಕ್ಕೆ ಇಳಿಸಿ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಅದೂ ಪ್ರತಿ ಸಲ ಇದೇ ಮದ್ದು ಮಾಡಿಕೊಂಡ ಮೇಲೆಯೇ ಬರುತ್ತದೆ. ಆದ್ದರಿಂದ ಈ ಬಾರಿ ವಿವರವಾಗಿ ಬರೆಯುತ್ತಿದ್ದೇನೆ.

ಆ ಡಿಸ್ಕ್‌ಗಳಲ್ಲಿ ಬೇರೆ ಓದು-ಬರಹ ನಡೆಯುತ್ತಿದ್ದಾಗ ಸಿಂಕ್ ಕೆಲಸ ಅದಕ್ಕೆ ದಾರಿ ಬಿಟ್ಟು, ಕನಿಷ್ಠ ಮಿತಿಯಷ್ಟು ವೇಗವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬೇರೆ ಕೆಲಸವಿಲ್ಲದಾಗ ಗರಿಷ್ಠ ಮಿತಿಯವರೆಗೆ ಹೋಗಬಲ್ಲದು, ಮತ್ತು ಆ ಮಿತಿ ಮೊದಲಿನಿಂದಲೇ 2,00,000 ಕೆಬಿ, ಅಂದರೆ ಸಾಮಾನ್ಯ ಹಾರ್ಡ್ ಡಿಸ್ಕ್ ಕೊನೆಯವರೆಗೂ ಕೊಡಲಾರದಷ್ಟು ಇರುತ್ತದೆ. ಕನಿಷ್ಠ ಮಿತಿ ಏರಿಸಿದ ಮೇಲೂ ವೇಗ ಕದಲಲಿಲ್ಲವೆಂದರೆ ತಡೆ ಮಿತಿಯಲ್ಲಿಲ್ಲ, ಡಿಸ್ಕಿನಲ್ಲೋ ಕೇಬಲ್ಲಿನಲ್ಲೋ ಇದೆ ಎಂದೇ ಅರ್ಥ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಸಲಹೆಯನ್ನು ಹತ್ತು ಕಡೆ ನಕಲು ಮಾಡಿ ಹರಡಿದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ, ಏಕೆಂದರೆ ಅವರ ಮಾತು ಕೇಳಿದವರು ಕಳೆದುಕೊಳ್ಳುವುದು ಅಮೂಲ್ಯವಾದ ಎರಡು ಮೂರು ದಿನಗಳನ್ನು.

ಆರೋಗ್ಯವಾಗಿರುವ 4 ಟಿಬಿ ಡಿಸ್ಕ್ ಸರಾಸರಿ ಸೆಕೆಂಡಿಗೆ 150 ಎಂಬಿಯಂತೆ ಓಡಿದರೆ ಏಳೂವರೆ ಗಂಟೆಯಲ್ಲಿ ಈ ಕೆಲಸ ಮುಗಿಯಬೇಕು. ಕೊನೆಕೊನೆಗೆ ವೇಗ ಅರ್ಧದಷ್ಟಾಗುವುದು ಸಹಜ. ತಟ್ಟೆಯ ಒಳಸುತ್ತುಗಳಲ್ಲಿ ಒಂದು ಸುತ್ತಿಗೆ ಸಿಗುವ ದತ್ತಾಂಶವೇ ಕಡಿಮೆ. ನಿಮ್ಮದು ಅಂಥ ಇಳಿತವಲ್ಲ.

ಪ್ರತಿ ಡಿಸ್ಕಿನ ಬಳಕೆ ತೋರಿಸುವ ಐಓಸ್ಟಾಟ್ ಅನ್ನು ಎಕ್ಸ್ ಆಯ್ಕೆಯೊಂದಿಗೆ ಐದು ಸೆಕೆಂಡಿಗೊಮ್ಮೆ ಓಡುವಂತೆ ಬಿಡಿ. ಮೊದಲ ವರದಿ ಯಂತ್ರ ಚಾಲೂ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿಯಾದ್ದರಿಂದ ಅದನ್ನು ಬಿಟ್ಟು, ಎರಡನೆಯದರಿಂದ ನೋಡಿ. ನಾಲ್ಕು ಸಾಲುಗಳಲ್ಲಿ ಮೂರು ಡಿಸ್ಕ್‌ಗಳ ಬಳಕೆ ಶೇ. 3, 4 ಎಂದಿದ್ದು ಒಂದು ಮಾತ್ರ ಶೇ. 100ಕ್ಕೆ ಅಂಟಿಕೊಂಡಿದ್ದರೆ, ಉಳಿದ ಮೂರೂ ಅದಕ್ಕಾಗಿ ಕಾಯುತ್ತಿವೆ.

ಆ ಒಂದು ಡಿಸ್ಕ್ ನೀವು ಹೊಸದಾಗಿ ಹಾಕಿದ್ದೇ ಆಗಿದ್ದರೆ, ಅದು ಎಸ್‌ಎಂಆರ್ ಬಗೆಯದೇ ಎಂದು ಮಾದರಿ ಸಂಖ್ಯೆ ಹಿಡಿದು ತಯಾರಕರ ಪಟ್ಟಿಯಲ್ಲಿ ಹುಡುಕಿ. ಅಂಥ ಡಿಸ್ಕ್‌ನಲ್ಲಿ ಪಥಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದ್ದುಕೊಂಡಿರುವುದರಿಂದ ಬಿಡುವಿಲ್ಲದ ಬರಹವನ್ನು ಅದು ತಾಳುವುದಿಲ್ಲ. ರೇಡ್‌ಗೆಂದೇ ಮಾರುತ್ತಿದ್ದ ಕೆಲವು ಡಿಸ್ಕ್‌ಗಳೂ ಇದೇ ಬಗೆಯವೆಂದು 2020ರಲ್ಲಿ ಬಯಲಾಯಿತು. ಹಿಂದಿರುಗಿಸಿ ಬೇರೆಯದನ್ನು ತನ್ನಿ, ಬೇರೆ ಉಪಾಯವಿಲ್ಲ.

ಹಳೆಯ ಮೂರರಲ್ಲಿ ಒಂದು ಹೀಗೆ ಏದುಸಿರು ಬಿಡುತ್ತಿದ್ದರೆ ವಿಷಯ ಗಂಭೀರ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199 ಎಂಬ ಗುರುತುಸಂಖ್ಯೆಯ ಸಾಲಿನ ಸಿಆರ್‌ಸಿ ದೋಷಗಳ, ಅಂದರೆ ದತ್ತಾಂಶ ಸಾಗುವಾಗ ಆದ ತಪ್ಪುಗಳ, ಎಣಿಕೆ ನೋಡುನೋಡುತ್ತಲೇ ಏರುತ್ತಿದ್ದರೆ ಮೊದಲು ಡಿಸ್ಕಿನ ಸಾಟಾ ಕೇಬಲ್ ಬದಲಿಸಿ. ಒಂದು ಕಚೇರಿಯಲ್ಲಿ ಪೆಟ್ಟಿಗೆಯ ಮುಚ್ಚಳಕ್ಕೆ ಸಿಕ್ಕಿ ಮಡಚಿಹೋಗಿದ್ದ ಕೇಬಲ್ಲಿನಿಂದಾಗಿ ಲಿಂಕ್ ನಿಮಿಷಕ್ಕೆ ಹಲವು ಸಲ ರೀಸೆಟ್ ಆಗುತ್ತಿದ್ದುದನ್ನು ನಾನೇ ಕರ್ನೆಲ್ ಲಾಗ್‌ನಲ್ಲಿ ನೋಡಿದ್ದೇನೆ. ಕೇಬಲ್ ಬದಲಿಸಿದ ಮೇಲೆ ಅದೇ ರಾತ್ರಿ ಸಿಂಕ್ ಮುಗಿಯಿತು. ಆದರೆ 197 ಎಂಬ ಗುರುತುಸಂಖ್ಯೆಯ ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಜಾಗದಲ್ಲಿ, ಸೊನ್ನೆಯಲ್ಲದ ಸಂಖ್ಯೆ ಇದ್ದರೆ ವೇಗದ ಚಿಂತೆಯನ್ನೇ ಬಿಡಿ. ಒಂದು ಡಿಸ್ಕ್ ಈಗಾಗಲೇ ಇಲ್ಲದ ರೇಡ್ 5ರಲ್ಲಿ ಇನ್ನೊಂದು ಓದುವುದನ್ನು ನಿಲ್ಲಿಸಿದರೆ ಆ ಭಾಗವನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ.

ಆಗ ಸಿಂಕ್ ಅನ್ನು ನಿಯಂತ್ರಿಸುವ ಸಿಂಕ್ ಆಕ್ಷನ್ ಕಡತಕ್ಕೆ ‘ಫ್ರೋಜನ್’ ಎಂದು ಬರೆದು ಕೆಲಸವನ್ನು ತಡೆಯಿರಿ. ‘ಐಡಲ್’ ಎಂದು ಬರೆದರೆ ಅದು ಮತ್ತೆ ತಾನಾಗಿ ಶುರುವಾಗುತ್ತದೆ. ಕಡತ ವ್ಯವಸ್ಥೆಯನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಅತಿ ಮುಖ್ಯವಾದುದರಿಂದ ಆರಂಭಿಸಿ ಹೊರಗೆ ನಕಲು ಮಾಡಿಕೊಳ್ಳಿ. ಕರ್ನೆಲ್ ಡಿಸ್ಕಿನ ಉತ್ತರಕ್ಕೆ ಕಾಯುವ 30 ಸೆಕೆಂಡುಗಳ ಅವಧಿಯನ್ನು 180ಕ್ಕೆ ಏರಿಸಿದರೆ, ಡಿಸ್ಕ್ ತನ್ನೊಳಗೆ ಮರುಪ್ರಯತ್ನ ಮಾಡುತ್ತಿರುವಾಗಲೇ ಅದನ್ನು ಕೆಟ್ಟಿತೆಂದು ಹೊರಹಾಕುವುದು ತಪ್ಪುತ್ತದೆ. ನಕಲು ಕೈಗೆ ಬಂದ ಮೇಲೆ ರೇಡ್ ನಿಲ್ಲಿಸಿ, ಆ ಡಿಸ್ಕನ್ನು, ಕೆಡುತ್ತಿರುವ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಮೂಲಕ ಇನ್ನೊಂದಕ್ಕೆ ಇಳಿಸಿ, ಹಳೆಯದನ್ನು ಕಳಚಿಟ್ಟು, ಹೊಸ ಪ್ರತಿಯಿಂದ ರೇಡ್ ಮತ್ತೆ ಜೋಡಿಸಿ. ಎರಡೂ ಒಟ್ಟಿಗೆ ಯಂತ್ರದಲ್ಲಿದ್ದರೆ ಗುರುತು ಒಂದೇ ಆಗಿರುವುದರಿಂದ ಗೊಂದಲವಾಗುತ್ತದೆ. ನಾನು ಅತಿ ಎಚ್ಚರಿಕೆಯವನೆಂದು ನಿಮಗೆ ಅನಿಸಬಹುದು. ನಕಲು ಇಲ್ಲದೆ ಈ ಹೆಜ್ಜೆ ಇಡಲು ನಾನು ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ: ಹೊಸ ರೇಡ್ 5ಕ್ಕೆ ಸಿಂಕ್ ಬೇಡ, ಎಲ್ಲ ಸರಿಯಿದೆ ಎಂದು ಭಾವಿಸಿ ಸಿಂಕ್ ಬಿಡುವ ಅಸ್ಯೂಮ್ ಕ್ಲೀನ್ ಆಯ್ಕೆ ಹಾಕಿದರೆ ಕ್ಷಣದಲ್ಲಿ ಸಿದ್ಧ ಎನ್ನುತ್ತಾರೆ ನಮ್ಮ ತಂತ್ರಜ್ಞರು. ಸರಿಯೇ?

ಉತ್ತರ: ತಪ್ಪು. ಪ್ಯಾರಿಟಿ, ಅಂದರೆ ಕೆಟ್ಟ ಡಿಸ್ಕಿನ ದತ್ತಾಂಶವನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಬರೆದಿಡುವ ಮಾಹಿತಿ, ಹೊಂದಾಣಿಕೆಯಾಗದೆ ಉಳಿದು, ಮುಂದೆ ಒಂದು ಡಿಸ್ಕ್ ಕೆಟ್ಟ ದಿನ ಕಸವೇ ಮರಳಿ ಬರುತ್ತದೆ. ಅವರ ಕೈಗೆ ಯಂತ್ರ ಕೊಡಬೇಡಿ.

ಪ್ರಶ್ನೆ: ಖಾಲಿ ರೇಡ್ ಮೇಲೆ ಈಗಷ್ಟೇ ಇಎಕ್ಸ್‌ಟಿ4 ಕಡತ ವ್ಯವಸ್ಥೆ ಹಾಕಿದೆ. ಯಾರೂ ಬಳಸದಿದ್ದರೂ ಸಿಂಕ್ ತೆವಳುತ್ತಿದೆ.

ಉತ್ತರ: ಕಡತ ವ್ಯವಸ್ಥೆ ಹಿನ್ನೆಲೆಯಲ್ಲಿ ತನ್ನ ಕೋಷ್ಟಕಗಳನ್ನು ಇನ್ನೂ ಬರೆಯುತ್ತಿದೆ, ಕನಿಷ್ಠ ಮಿತಿ ಏರಿಸುವುದು ಪ್ರಯೋಜನಕ್ಕೆ ಬರುವುದು ಇಂಥ ಸಂದರ್ಭದಲ್ಲಿ.

ಪ್ರಶ್ನೆ: ಡೆಬಿಯನ್ ಲಿನಕ್ಸ್‌ನಲ್ಲಿ ತಿಂಗಳ ಮೊದಲ ಭಾನುವಾರ ತಾನಾಗಿ ಸಿಂಕ್ ಆರಂಭವಾಗುತ್ತದೆ. ಡಿಸ್ಕ್ ಕೆಟ್ಟಿದೆಯೇ?

ಉತ್ತರ: ಇಲ್ಲ. ಎಂಡಿಸ್ಟಾಟ್‌ನಲ್ಲಿ ‘ಚೆಕ್’ ಎಂದಿದ್ದರೆ ಅದು ನಿಗದಿತ ತಪಾಸಣೆ, ಅದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ಇಡೀ ರೇಡ್ ಮೊದಲಿನಿಂದ ಸಿಂಕ್ ಆಗುತ್ತದೆ.

ಉತ್ತರ: ರೇಡ್ ನಿರ್ವಹಿಸುವ ಎಂಡಿಎಡಿಎಂನ ಗ್ರೋ ಆದೇಶದಿಂದ ಇಂಟರ್ನಲ್ ಬಿಟ್‌ಮ್ಯಾಪ್ (ಬರಹ ನಡೆಯುತ್ತಿರುವ ಭಾಗಗಳ ಗುರುತುಪಟ್ಟಿ) ಸೇರಿಸಿ, ಆಮೇಲೆ ಬರಹ ಅರ್ಧಕ್ಕೆ ನಿಂತಿರಬಹುದಾದ ಭಾಗಗಳಷ್ಟೇ ಸಿಂಕ್ ಆಗುತ್ತವೆ. ಯುಪಿಎಸ್ ಕೂಡ ಕೊಳ್ಳಿ.