ಬೇಟೆ ಪ್ರಶ್ನೋತ್ತರ: ಜಾಗ ಪಬ್ಲಿಕ್ಕು, ಆದ್ರೆ ಚಕ್ರಕ್ಕಲ್ಲ

ಈ ಸಲ ಅಮೆರಿಕದಲ್ಲಿರೋ ಓದುಗರಿಂದ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಒಂದೇ ತರ ಇದ್ವು. ಯಾವ ಕೋವಿ ತಗೋಬೇಕು ಅಂತ ಯಾರೂ ಕೇಳ್ಲಿಲ್ಲ, ಎಲ್ಲರದ್ದೂ ಗಾಡಿ ಎಲ್ಲಿವರೆಗೆ ಹೋಗ್ಬೋದು ಅನ್ನೋ ಪ್ರಶ್ನೆನೇ.

ಪ್ರಶ್ನೆ: ಕಳೆದ ಸೀಸನ್‌ನಲ್ಲಿ ಕೊಲೊರಾಡೊದ ಒಂದು ನ್ಯಾಷನಲ್ ಫಾರೆಸ್ಟ್‌ನಲ್ಲಿ ರಸ್ತೆಯಿಂದ ಒಂದೂವರೆ ಮೈಲಿ ಒಳಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹೊಡೆದ್ವಿ. ಹಳೇ ಜೀಪ್ ಜಾಡು ಇತ್ತು, ಗೇಟ್ ಇಲ್ಲ, ಬೋರ್ಡ್ ಇಲ್ಲ, ಟೈರ್ ಗುರುತು ಬೇರೆ ಇತ್ತು, ಅದಕ್ಕೇ ಎಟಿವಿ (ಕಾಡುದಾರಿಲಿ ಓಡೋ ಸಣ್ಣ ನಾಲ್ಕು ಚಕ್ರದ ಗಾಡಿ) ತಗೊಂಡು ಹೋಗಿ ಮಾಂಸ ತಂದ್ವಿ. ವಾಪಸ್ ಬರೋವಾಗ ಟಿಕೆಟ್ ಬಿತ್ತು. ಬೋರ್ಡೇ ಹಾಕದೆ ಫೈನ್ ಹಾಕೋದು ಯಾವ ನ್ಯಾಯ? (ಡೆನ್ವರ್ ಕಡೆಯ ಓದುಗರು)

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಈ ವಾದ ಅಲ್ಲಿ ನಡೆಯಲ್ಲ. ನಾವೆಲ್ಲ ಅಂದ್ಕೊಂಡಿರೋದು "ಬೇಡ" ಅಂತ ಬರೆದಿಲ್ಲಾಂದ್ರೆ ಹೋಗ್ಬೋದು ಅಂತ, ನ್ಯಾಷನಲ್ ಫಾರೆಸ್ಟ್‌ನಲ್ಲಿ ಲೆಕ್ಕ ಉಲ್ಟಾ. ಈ ಕಾಡುಗಳನ್ನ ನೋಡ್ಕೊಳ್ಳೋ ಫೆಡರಲ್ ಇಲಾಖೆ ಫಾರೆಸ್ಟ್ ಸರ್ವಿಸ್ 2005ರಲ್ಲಿ ಟ್ರಾವೆಲ್ ಮ್ಯಾನೇಜ್‌ಮೆಂಟ್ ರೂಲ್ ತಂದ್ಮೇಲೆ ಪ್ರತಿ ಫಾರೆಸ್ಟಿಗೂ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಅಂತ ಒಂದು ನಕ್ಷೆ ಇರುತ್ತೆ, ಅದರಲ್ಲಿ ಇರೋ ರಸ್ತೆ ಓಪನ್, ಇಲ್ದೇ ಇರೋದು ಕ್ಲೋಸ್, ಅಷ್ಟೇ. ಅಲ್ಲಿ ಬೋರ್ಡ್ ಹಾಕಲೇಬೇಕು ಅನ್ನೋ ನಿಯಮ ಇಲ್ಲ, ಮ್ಯಾಪ್ ನೋಡಿ ತಿಳ್ಕೊಳ್ಳೋದು ಓಡಿಸೋರ ಜವಾಬ್ದಾರಿ. ಟೈರ್ ಗುರುತು ಇತ್ತು ಅಂದ್ರಲ್ಲ, ನಿಮಗಿಂತ ಮುಂಚೆ ಇನ್ಯಾರೋ ರೂಲ್ ಮುರಿದಿದ್ರು ಅಂತಷ್ಟೇ ಅದು ಹೇಳೋದು.

ಆ ಮ್ಯಾಪ್ ನೋಡೋಕೆ ಚೆನ್ನಾಗಿಲ್ಲ ಅನ್ನೋದು ಬೇರೆ ಮಾತು. ಕಪ್ಪು ಬಿಳುಪು, ಬೆಟ್ಟ ಯಾವ್ದು ಕಣಿವೆ ಯಾವ್ದು ಗೊತ್ತಾಗಲ್ಲ, ಬರೀ ಗೆರೆ ಮತ್ತೆ ನಂಬರ್, ಮೊದಲ ಸಲ ಬಿಡಿಸಿದಾಗ ನಾನೂ ತಲೆಕೆಳಗಾಗಿ ಹಿಡ್ಕೊಂಡಿದ್ದೆ. ಆದ್ರೆ ಫ್ರೀ ಸಿಗುತ್ತೆ, ಅವೆಂಜಾ ತರದ ಆ್ಯಪ್‌ಗೆ ಇಳಿಸ್ಕೊಂಡ್ರೆ ಸಿಗ್ನಲ್ ಇಲ್ದೇ ಇದ್ರೂ ನೀವೆಲ್ಲಿ ನಿಂತಿದ್ದೀರಿ ಅಂತ ಚುಕ್ಕೆ ತೋರಿಸುತ್ತೆ. ಗೆರೆ ಕಂಡ ತಕ್ಷಣ ನುಗ್ಬೇಡಿ, ಗೆರೆಯ ನಮೂನೆಯನ್ನೂ ನೋಡಿ. ಕೆಲವು ರಸ್ತೆ ಹೈವೇಲಿ ಓಡೋ ಲೈಸೆನ್ಸ್ ಇರೋ ಗಾಡಿಗಷ್ಟೇ, ಕೆಲವು ಎಲ್ಲಾ ಗಾಡಿಗೂ, ಕೆಲವು ಟ್ರೇಲ್ 50 ಇಂಚು ಅಥವಾ ಅದಕ್ಕಿಂತ ಕಡಿಮೆ ಅಗಲದ್ದಕ್ಕೆ ಮಾತ್ರ. ಈಗಿನ ಸೈಡ್ ಬೈ ಸೈಡ್ (ಇಬ್ಬರು ಅಕ್ಕಪಕ್ಕ ಕೂರೋ) ಗಾಡಿಗಳಲ್ಲಿ ಬಹಳಷ್ಟು ಆ ಅಳತೆ ದಾಟುತ್ವೆ. ಇನ್ನು ಸೀಸನಲ್ ಅಂತ ಇದ್ರೆ ಪಕ್ಕದ ಟೇಬಲ್‌ನಲ್ಲಿ ತಾರೀಖು ಇರುತ್ತೆ, ಅದನ್ನ ಯಾರೂ ಓದಲ್ಲ, ಓದ್ಬೇಕು.

ಹೊಡೆದ ಪ್ರಾಣಿ ತರೋಕೆ ಅಂತ ವಿನಾಯ್ತಿ ಇಲ್ವಾ ಅಂದ್ರೆ, ಕೆಲವು ಫಾರೆಸ್ಟ್‌ಗಳಲ್ಲಿ ಇದೆ. ಕೆಲವು ನಿರ್ದಿಷ್ಟ ರಸ್ತೆಗಳಿಂದ ಇಷ್ಟು ದೂರದೊಳಗೆ ದೊಡ್ಡ ಬೇಟೆ ತರೋಕೆ ಗಾಡಿ ಬಿಡ್ಬೋದು ಅಂತ ಅದೇ ಮ್ಯಾಪ್‌ನಲ್ಲೇ ಬರೆದಿರ್ತಾರೆ, ಬರೆದಿಲ್ಲಾಂದ್ರೆ ವಿನಾಯ್ತಿ ಇಲ್ಲ ಅಂತಾನೇ ಅರ್ಥ. ದಂಡ 5,000 ಡಾಲರ್‌ವರೆಗೆ, ಜೈಲು 6 ತಿಂಗಳವರೆಗೆ ಅಂತ ಆ ಮ್ಯಾಪ್ ಮೇಲೇ ಅಚ್ಚಾಗಿದೆ. ನಿಮ್ಮ ಟಿಕೆಟ್ ಅಷ್ಟು ದೊಡ್ಡದಾಗಿರಲಿಕ್ಕಿಲ್ಲ ಬಿಡಿ.

ಇದೆಲ್ಲ ಆಫೀಸರ್‌ಗಳ ಹಠ ಅಂತ ತಿಳೀಬೇಡಿ. 1972ರಲ್ಲೇ ಅಧ್ಯಕ್ಷ ನಿಕ್ಸನ್ ಸರ್ಕಾರಿ ಜಮೀನಲ್ಲಿ ರಸ್ತೆ ಬಿಟ್ಟು ಓಡೋ ಗಾಡಿಗಳಿಗೆ ಲಗಾಮು ಹಾಕೋ ಆದೇಶ ಹೊರಡಿಸಿದ್ರು, 1977ರಲ್ಲಿ ಕಾರ್ಟರ್ ಅದನ್ನ ಇನ್ನೂ ಬಿಗಿ ಮಾಡಿದ್ರು. ಒರೆಗಾನ್‌ನ ಸ್ಟಾರ್ಕಿ ಪ್ರಯೋಗ ಕಾಡಲ್ಲಿ ಎಲ್ಕ್‌ಗಳಿಗೆ ಕಾಲರ್ ಹಾಕಿ ವರ್ಷಗಟ್ಟಲೆ ನೋಡಿದಾರೆ, ಎಟಿವಿ ಓಡಾಡೋ ಟ್ರೇಲ್‌ನಿಂದ ಅವು ದೂರ ಸರಿಯುತ್ವೆ. ಅಂದ್ರೆ ನೀವು ಗಾಡಿಲಿ ಒಳಗೆ ಹೋದಷ್ಟೂ ನೀವೇ ನಿಮ್ಮ ಬೇಟೆನ ಓಡಿಸ್ತಾ ಇದ್ದೀರಿ.

ಬೆಳೆದ ಗಂಡು ಎಲ್ಕ್ ಮುನ್ನೂರು ಕೆಜಿ ತೂಗುತ್ತೆ, ಮೂಳೆ ಬಿಡಿಸಿದ್ರೂ ನೂರು ಕೆಜಿ ಹತ್ರ ಮಾಂಸ ಹೊರಬೇಕು. ಒಬ್ಬರೇ ಆದ್ರೆ ನಾಲ್ಕೈದು ಟ್ರಿಪ್, ಒಂದೂವರೆ ಮೈಲಿ ಅಂದ್ರೆ ಪೂರ್ತಿ ದಿನ ಹೋಯ್ತು. ಅದನ್ನ ಟ್ರಿಗರ್ ಎಳೆಯೋಕೆ ಮುಂಚೆ ಲೆಕ್ಕ ಹಾಕ್ಬೇಕು, ಆಮೇಲಲ್ಲ. ಹೊರೋಕೆ ಆಗಲ್ಲ ಅಂತ ತಿನ್ನೋ ಮಾಂಸ ಅಲ್ಲೇ ಬಿಟ್ಟು ಬಂದ್ರೆ ಅದು ಇನ್ನೊಂದು ಕೇಸು.

ಪ್ರಶ್ನೆ: ಇ-ಬೈಕ್ ಸದ್ದೇ ಮಾಡಲ್ವಲ್ಲ, ಗೇಟ್ ಹಾಕಿರೋ ರಸ್ತೆಲಿ ಅದನ್ನ ಓಡಿಸ್ಬೋದಾ? (ಬಾಯ್ಸಿ, ಐಡಾಹೊ)

ಉತ್ತರ: ಸದ್ದಿಗೂ ರೂಲಿಗೂ ಸಂಬಂಧ ಇಲ್ಲ. ಫಾರೆಸ್ಟ್ ಸರ್ವಿಸ್ ಲೆಕ್ಕದಲ್ಲಿ ಇ-ಬೈಕ್ ಅಂದ್ರೆ ಮೋಟಾರ್ ವೆಹಿಕಲ್ಲೇ, ಪೆಡಲ್ ತುಳಿದ್ರೂ ಅಷ್ಟೇ. ಮೋಟಾರಿಗೆ ಮುಚ್ಚಿದ ಗೇಟು ಅದಕ್ಕೂ ಮುಚ್ಚಿದೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅನ್ನೋ ಇನ್ನೊಂದು ಫೆಡರಲ್ ಇಲಾಖೆಯ ಜಮೀನಲ್ಲಿ 2020ರ ರೂಲ್ ಪ್ರಕಾರ ಆಯಾ ಆಫೀಸ್ ಬೇಕಿದ್ರೆ ಮೋಟಾರ್ ಇಲ್ಲದ ಟ್ರೇಲ್‌ಗಳಲ್ಲೂ ಬಿಡ್ಬೋದು, ಆದ್ರೆ ಅವರಾಗೇ ಬಿಟ್ಟಿದ್ದಾರೆ ಅಂತ ಖಾತ್ರಿ ಮಾಡ್ಕೊಂಡೇ ಹೋಗಿ. ಮಾಮೂಲಿ ಸೈಕಲ್ ಆದ್ರೆ ಗೇಟ್ ಪಕ್ಕದಿಂದ ನುಸುಳ್ಕೊಂಡು ಹೋಗೋದಕ್ಕೆ ಎಷ್ಟೋ ಕಡೆ ಅಡ್ಡಿ ಇಲ್ಲ.

ವಿಲ್ಡರ್ನೆಸ್ ಅಂತ ಘೋಷಣೆ ಆಗಿರೋ ಜಾಗದಲ್ಲಿ ಮಾತ್ರ ಆ ಸೈಕಲ್ಲೂ ಇಲ್ಲ. 1964ರ ಕಾಯ್ದೆ ಮೋಟಾರ್ ಅಷ್ಟೇ ಅಲ್ಲ, ಯಾಂತ್ರಿಕ ಸಾಗಾಟ ಎಲ್ಲಾನೂ ಬೇಡ ಅನ್ನುತ್ತೆ, ಅದಕ್ಕೇ ಮಾಂಸ ಎಳೆಯೋ ಒಂಟಿ ಚಕ್ರದ ಗೇಮ್ ಕಾರ್ಟೂ ಅಲ್ಲಿ ತಪ್ಪೇ, ಎಷ್ಟೋ ಜನ ಸಿಕ್ಕಿ ಬೀಳೋದು ಇಲ್ಲೇ. ಕುದುರೆ, ಹೇಸರಗತ್ತೆ, ಲಾಮಾ ಆದ್ರೆ ಹೋಗ್ಬೋದು. ನಿಮ್ಮ ರಾಜ್ಯದಲ್ಲಿ ಇನ್ನೊಂದು ತಲೆನೋವಿದೆ: ಐಡಾಹೊದ ಕೆಲವು ಯೂನಿಟ್‌ಗಳಲ್ಲಿ (ಬೇಟೆಗೆ ಅಂತ ಗುರುತಿಸಿರೋ ವಲಯ) ಗಾಡಿನ ಬೇಟೆಗೆ ಸಹಾಯಕ್ಕೆ ಅಂತ ಬಳಸೋದಕ್ಕೇ ಬೇರೆ ನಿರ್ಬಂಧ ಇದೆ, ರಸ್ತೆ ಓಪನ್ ಇದ್ರೂ. ಫೆಡರಲ್ ಮ್ಯಾಪ್ ನೋಡಿ ಸುಮ್ನಾಗ್ಬೇಡಿ, ರಾಜ್ಯದ ಬೇಟೆ ಪುಸ್ತಕಾನೂ ತೆಗೀರಿ.

ಪ್ರಶ್ನೆ: ವ್ಯೋಮಿಂಗ್‌ಗೆ ಹೋಗ್ತಿದ್ದೀವಿ. ಮ್ಯಾಪ್‌ನಲ್ಲಿ ಸರ್ಕಾರಿ ಜಾಗ ಚದುರಂಗದ ಮಣೆ ತರ ಇದೆ, ಒಂದು ಚೌಕ ಸರ್ಕಾರದ್ದು ಒಂದು ಖಾಸಗಿದು. ಮೂಲೆಯಿಂದ ಮೂಲೆಗೆ ಹಾರ್ಬೋದಾ? (ಹ್ಯೂಸ್ಟನ್)

ಉತ್ತರ: ಮೂರ್ನಾಲ್ಕು ವರ್ಷ ಮುಂಚೆ ಕೇಳಿದ್ರೆ ಬೇಡ ಅಂತಿದ್ದೆ. ಈ ಮಣೆ ಆಗಿದ್ದು ರೈಲಿನಿಂದ. 1862ರ ಕಾಯ್ದೆಯಿಂದ ಶುರುವಾಗಿ ಹಳಿ ಹಾಕೋ ಕಂಪನಿಗಳಿಗೆ ಹಳಿಯ ಎರಡೂ ಬದಿ ಒಂದು ಬಿಟ್ಟು ಒಂದರಂತೆ ಸೆಕ್ಷನ್ ಕೊಟ್ರು, ಒಂದು ಸೆಕ್ಷನ್ ಅಂದ್ರೆ 640 ಎಕರೆ, ಉಳಿದದ್ದು ಸರ್ಕಾರದ ಹತ್ರನೇ ಉಳೀತು. ಹಾಗಾಗಿ ಸರ್ಕಾರಿ ಜಾಗಕ್ಕೆ, ಅಂದ್ರೆ ನಿಮ್ಮದೇ ಜಾಗಕ್ಕೆ ಹೋಗೋಕೆ ಬೇರೆಯವರ ಜಾಗ ಅಡ್ಡ.

2021ರಲ್ಲಿ ಮಿಸೌರಿಯ ನಾಲ್ಕು ಬೇಟೆಗಾರರು ವ್ಯೋಮಿಂಗ್‌ನ ಎಲ್ಕ್ ಮೌಂಟನ್‌ನಲ್ಲಿ ಒಂದು ಏಣಿ ತಂದು ಮೂಲೆ ಕಲ್ಲಿನ ಮೇಲಿಂದ ದಾಟಿದ್ರು, ಖಾಸಗಿ ನೆಲಕ್ಕೆ ಕಾಲು ತಾಗದ ಹಾಗೆ. ಮಾಲೀಕರ ವಾದ ಏನಪ್ಪಾ ಅಂದ್ರೆ ಕಾಲು ತಾಗಿಲ್ಲ ನಿಜ, ನಮ್ಮ ಜಾಗದ ಮೇಲಿನ ಗಾಳಿ ದಾಟಿದ್ರಲ್ಲ ಅಂತ! 2022ರಲ್ಲಿ ಅತಿಕ್ರಮ ಪ್ರವೇಶದ ಕ್ರಿಮಿನಲ್ ಕೇಸ್‌ನಲ್ಲಿ ಜ್ಯೂರಿ ಬೇಟೆಗಾರರನ್ನ ನಿರ್ದೋಷಿ ಅಂದ್ರು. ಸಿವಿಲ್ ಕೇಸ್‌ನಲ್ಲಿ ಮಾಲೀಕರು 70 ಲಕ್ಷಕ್ಕೂ ಹೆಚ್ಚು ಡಾಲರ್ ನಷ್ಟ ಅಂತ ಹೇಳ್ಕೊಂಡಿದ್ರು, 2023ರಲ್ಲಿ ಅದೂ ಬಿದ್ದೋಯ್ತು, 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಕೋರ್ಟ್ (ಕೆಲವು ರಾಜ್ಯಗಳಿಗೆ ಸೇರಿ ಇರೋ ಫೆಡರಲ್ ಮೇಲ್ಮನವಿ ಕೋರ್ಟ್) ಆ ತೀರ್ಪನ್ನ ಎತ್ತಿ ಹಿಡೀತು. ಅದಕ್ಕೆ ಆಧಾರ 1885ರ ಕಾಯ್ದೆ, ದನಗಾಹಿಗಳ ಕಾಲದಲ್ಲಿ ಸರ್ಕಾರಿ ಜಮೀನಿಗೆ ಬೇಲಿ ಸುತ್ತಬಾರದು ಅಂತ ಮಾಡಿದ್ದು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತಗೊಳ್ಳಲ್ಲ ಅಂದುಬಿಡ್ತು.

ಹಾಗಾಗಿ ವ್ಯೋಮಿಂಗ್‌ನಲ್ಲಿ ನೆಲ ಮುಟ್ಟದೆ, ಬೇಲಿ ಕೆಡಿಸದೆ, ನಡ್ಕೊಂಡು ದಾಟೋದು ಓಕೆ. ಆ ಸರ್ಕ್ಯೂಟ್‌ನಲ್ಲಿ ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕ್ಯಾನ್ಸಸ್, ಒಕ್ಲಹೋಮನೂ ಬರುತ್ವೆ. ಮೊಂಟಾನಾ ಬರಲ್ಲ, ಅಲ್ಲಿ ಬೇಟೆ ಇಲಾಖೆ ಇದು ಕಾನೂನುಬಾಹಿರ ಅಂತಾನೇ ಹೇಳುತ್ತೆ, ಗಡಿ ದಾಟಿ ಧೈರ್ಯ ಮಾಡ್ಬೇಡಿ. ಇನ್ನೊಂದು, ಫೋನ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೇಳೋದು ಮಾಮೂಲಿ, ಮೂಲೆ ಅಂದ್ರೆ ಒಂದು ಬಿಂದು. ಸರ್ವೆಯವರು ನೆಟ್ಟ ಗುರುತು ಕಣ್ಣಾರೆ ಸಿಕ್ಕಿದ್ರೆ ಮಾತ್ರ ದಾಟಿ. ಗಾಡಿಲಿ ಮೂಲೆ ದಾಟೋದಂತೂ ಸಾಧ್ಯನೇ ಇಲ್ಲ, ಅದರ ಅಗಲಕ್ಕೆ ಬಿಂದು ಎಲ್ಲಿ ಸಾಕು.

ಪ್ರಶ್ನೆ: ನಾನು ಎಚ್-1ಬಿ ಮೇಲಿದ್ದೀನಿ. ಫ್ರೆಂಡ್ ಜೊತೆ ಹೋಗಿ ಅವನ ರೈಫಲ್ ಹಿಡ್ಕೊಂಡ್ರೆ ತೊಂದ್ರೆನಾ? (ಡಲ್ಲಾಸ್)

ಉತ್ತರ: ತೊಂದ್ರೆನೇ, ಹಿಡ್ಕೊಳ್ಳೋ ಮುಂಚೆ ಲೈಸೆನ್ಸ್ ಇರ್ಬೇಕು. ಫೆಡರಲ್ ಕಾನೂನಲ್ಲಿ ನಾನ್ ಇಮಿಗ್ರೆಂಟ್ ವೀಸಾದೋರು ಬಂದೂಕು ಇಟ್ಕೊಳ್ಳೋದೇ ನಿಷೇಧ, ಅದಕ್ಕಿರೋ ವಿನಾಯ್ತಿಗಳಲ್ಲಿ ಒಂದು ಯಾವುದಾದ್ರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯ್ತಿನೂ ಹೋಯ್ತು, ಬಂದೂಕು ಮಾತ್ರ ಮನೇಲಿ ಉಳೀತು ಅಂದ್ರೆ ಕಷ್ಟ. ಬಂದೂಕಿನ ಅಪರಾಧ ಗಡೀಪಾರಿಗೂ ಕಾರಣ ಆಗ್ಬೋದು, ಅದಕ್ಕೇ ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳಿ ಸುಮ್ನಾಗದೆ ಇಮಿಗ್ರೇಷನ್ ವಕೀಲರನ್ನ ಕೇಳಿ. ಗ್ರೀನ್ ಕಾರ್ಡ್ ಇರೋರಿಗೆ ಈ ನಿಷೇಧ ಅನ್ವಯ ಆಗಲ್ಲ.

ಪ್ರಶ್ನೆ: ಕಾಡಿನ ರಸ್ತೆ ಪಕ್ಕ ಗಾಡಿ ನಿಲ್ಸಿ ಅಲ್ಲಿಂದಲೇ ಹೊಡೀಬೋದಾ? ಜೊತೆಗೆ ಬರೋ ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡಿಯೋಕಾಗಲ್ಲ. (ಬಿಲ್ಲಿಂಗ್ಸ್, ಮೊಂಟಾನಾ)

ಉತ್ತರ: ನ್ಯಾಷನಲ್ ಫಾರೆಸ್ಟ್‌ನ ರಸ್ತೆ ಮೇಲಿಂದಾಗ್ಲಿ ರಸ್ತೆ ಅಡ್ಡಲಾಗಿ ಆಗ್ಲಿ ಗುಂಡು ಹಾರಿಸೋಹಾಗಿಲ್ಲ, ಮನೆ, ಕ್ಯಾಂಪ್‌ಸೈಟ್, ಜನ ಇರೋ ಜಾಗದಿಂದ 150 ಗಜದೊಳಗೂ ಇಲ್ಲ. ಗಾಡಿ ಒಳಗಿಂದ ಹೊಡೆಯೋದು ಬಹುತೇಕ ರಾಜ್ಯಗಳಲ್ಲಿ ಅಪರಾಧ. ಆದ್ರೆ ಅಪ್ಪನ ವಿಷಯ ಬೇರೆ, ಮೊಂಟಾನಾದಲ್ಲಿ ಅಂಗವೈಕಲ್ಯ ಇರೋರಿಗೆ ಗಾಡಿಯಿಂದ ಬೇಟೆ ಆಡೋಕೆ ಪ್ರತ್ಯೇಕ ಪರ್ಮಿಟ್ ಇದೆ. ಡಾಕ್ಟರ್ ಸಹಿ ಬೇಕಾಗುತ್ತೆ, ಬರೀ ಮಂಡಿ ನೋವು ಅಂದ್ರೆ ಸಾಕಾಗಲ್ಲ. ಪರ್ಮಿಟ್ ಸಿಕ್ರೂ ಮುಚ್ಚಿದ ರಸ್ತೆ ತಾನಾಗೇ ಓಪನ್ ಆಗಲ್ಲ, ಅದನ್ನ ನೆನಪಿಟ್ಕೊಳ್ಳಿ. ಪರ್ಮಿಟ್ ಸಿಗ್ಲಿಲ್ಲಾಂದ್ರೆ ಓಪನ್ ಇರೋ ರಸ್ತೆಯ ಕೊನೇವರೆಗೂ ಗಾಡಿಲಿ ಹೋಗಿ, ಇನ್ನೂರು ಮುನ್ನೂರು ಹೆಜ್ಜೆ ನಡೆಸ್ಕೊಂಡು ಹೋಗಿ, ಗಾಳಿಗೆ ಎದುರಾಗಿ ಒಂದು ಮಡಚೋ ಕುರ್ಚಿ ಹಾಕಿ ಕೂರಿಸಿ. ಬೆಳಗಾಗೋಕೆ ಒಂದು ಗಂಟೆ ಮುಂಚೆನೇ ಕೂತಿರ್ಬೇಕು, ಮತ್ತೆ ಗಾಡಿನ ಗೇಟ್ ಮುಂದೆ ಮಾತ್ರ ನಿಲ್ಲಿಸ್ಬೇಡಿ.